ಸಂಗು ಎಂಟು ತಾಸು ನಿದ್ದೆ ಮಾಡಿದ್ದನಂತೆ

ನಾರಾಯಣಖೇಡ
೧೬ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ತಮ್ಮ ರಾಜರತ್ನನಿಗೆ ಅಕ್ಕ ಸ್ವರೂಪಾಳ ಜೈ ಭೀಮ್.

ಹೇಗಿದ್ದೀಯಾ? ಮರಳು ಬಿದ್ದು ಎಡಗಣ್ಣು ಕೆಂಪಾಗಿದೆ ಎಂದು ಮೊನ್ನೆ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆಯಂತೆ, ಈಗ ಕಡಿಮೆಯಾಯಿತೆ? ಉಜ್ಜಬೇಡ. ಶಿವಾಜಿಯ ಕೈಯಲ್ಲಿ ಔಷಧಿ ಕೊಟ್ಟಿದ್ದೇನೆ, ದಿನಕ್ಕೆ ಮೂರು ಸಲ ಎರಡೆರಡು ಹನಿ ಹಾಕಿಕೋ. ಅಪ್ಪನ ಮೊಣಕಾಲು ನೋವು ಇದ್ದಂತೆಯೇ ಇದೆ, ಆದರೂ ದಿನಾ ಬಸ್ ಸ್ಟ್ಯಾಂಡಿನವರೆಗೆ ನಡೆದು ಪೇಪರ್ ಓದಿ ಬರುತ್ತಾರೆ. ಅಮ್ಮ ಕಡಲೆ ಕೀಳಲು ಹೋಗುತ್ತೇನೆಂದು ಹಟ ಹಿಡಿದು ಎರಡು ದಿನ ಹೋಗಿ, ಮೂರನೆಯ ದಿನ ಸೊಂಟ ಹಿಡಿದುಕೊಂಡು ಮಲಗಿದ್ದಾಳೆ. ನಾನು ಚೆನ್ನಾಗಿದ್ದೇನೆ. ಆಸ್ಪತ್ರೆಯಲ್ಲಿ ಒಬ್ಬಳು ನರ್ಸ್ ರಜೆಯ ಮೇಲಿರುವುದರಿಂದ ಎರಡು ಪಾಳಿ ನನ್ನ ತಲೆಯ ಮೇಲೇ ಬಿದ್ದಿವೆ.

ಈ ಕಾಲದಲ್ಲಿ ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ನಗಬೇಡ. ಐದು ವಾರದಿಂದ ನೀನು ನನ್ನ ಫೋನ್ ಎತ್ತಿಲ್ಲ. ಮೆಸೇಜು ನೋಡುತ್ತೀಯ, ಉತ್ತರ ಕೊಡುವುದಿಲ್ಲ. ಬರುವ ಶುಕ್ರವಾರ ಹೈದರಾಬಾದಿನಿಂದ ವಿಮಾನ ಹತ್ತಿ ಶಿವಾಜಿ ಮರಳುಗಾಡಿನ ನಿಮ್ಮ ಬೈಕ್ ರೇಸಿನ ಕ್ಯಾಂಪಿಗೇ ಕೆಲಸಕ್ಕೆ ಹೊರಟಿದ್ದಾನೆ. ಕೈಗೆ ಕೊಟ್ಟ ಕಾಗದವನ್ನು ನೀನು ಓದದೆ ಎಸೆಯುವವನಲ್ಲ ಎಂಬ ಒಂದು ನಂಬಿಕೆ ನನಗಿನ್ನೂ ಇದೆ.

ನಿನ್ನ ಜೊತೆ ಅಲ್ಲಿಗೆ ಲಾರಿ ಓಡಿಸಲು ಹೋಗಿದ್ದ ಸಂಗುವಿನ ಹೆಣ ಜನವರಿ ಇಪ್ಪತ್ತನಾಲ್ಕಕ್ಕೆ ಬಂತು. ನಾಗಲಗಿದ್ದದ ಅವನ ಮನೆಯ ಮುಂದೆ ಪೆಟ್ಟಿಗೆ ಇಳಿಸಿದಾಗ ನಾನೂ ಇದ್ದೆ. ನರ್ಸ್ ಎಂದು ಮುಚ್ಚಳ ತೆಗೆಯಲು ನನ್ನನ್ನೇ ಕರೆದರು. ಪೆಟ್ಟಿಗೆಯ ಜೊತೆ ಅಲ್ಲಿಯ ಆಸ್ಪತ್ರೆಯವರು ಕಳಿಸಿದ ಒಂದು ಹಾಳೆ ಇತ್ತು. ಬಲತೊಡೆಯ ರಕ್ತನಾಳ ಹರಿದು ರಕ್ತ ಹೋಗಿದೆ, ತೊಡೆಗೆ ಬಟ್ಟೆ ಬಿಗಿದು ಕಟ್ಟಿದ್ದು ಕಂಡುಬಂದಿದೆ ಎಂದು ಬರೆದಿದ್ದರು. ಆ ಸಾಲನ್ನು ನಾನು ಮೂರು ಸಲ ಓದಿದೆ. ಉರುಳಿಬಿದ್ದ ಲಾರಿಯ ಕೆಳಗೆ ಇದ್ದವನು ಅವನೊಬ್ಬನೇ. ಹಾಗಾದರೆ ಬಟ್ಟೆ ಕಟ್ಟಿಕೊಂಡವನೂ ಅವನೇ. ಆ ಮರಳಿನಲ್ಲಿ ಮಲಗಿ, ತಲೆಯ ಟವೆಲ್ ಬಿಚ್ಚಿ, ತನ್ನ ಕಾಲಿಗೆ ತಾನೇ ಕಟ್ಟಿಕೊಂಡು, ಯಾರಾದರೂ ಬರುತ್ತಾರೆ ಎಂದು ಕಾದಿದ್ದಾನೆ ನಮ್ಮ ಸಂಗು.

ನಾಲ್ಕು ತಾಸು ಕಾದ. ಇದನ್ನು ನನಗೆ ಹೇಳಿದವನು ನೀನೇ. ಅವನು ಸತ್ತ ಮರುದಿನ ಫೋನಿನಲ್ಲಿ ಅಳುತ್ತಾ ಹೇಳಿದ್ದೆ: “ಅಕ್ಕಾ, ಸಂಗು ಹ್ವಾದ. ಇಪ್ಪತ್ತೆರಡು ತಾಸು ಸ್ಟೇರಿಂಗ್ ಮ್ಯಾಲೇ ಕುಂತಿದ್ದ. ನಿದ್ದಿ ಬರಾಕತ್ತದ, ಒಂದು ತಾಸು ಮಲಗ್ತೀನಿ ಅಂತ ಮ್ಯಾನೇಜರ್‌ಗೆ ಕೈ ಮುಗದ. ಬೈಕ್ ಬರೂಕಿಂತ ಮೊದ್ಲ ಟಾಯರ್ ಕ್ಯಾಂಪ್ ಮುಟ್ಟಬೇಕು, ಡಾಂಬರ್ ರೋಡ್ ಬಿಟ್ಟು ಮರಳಿನ ಮ್ಯಾಲ ಅಡ್ಡ ಹೊಡಿ ಅಂದ ಅಂವ.” ನಿನ್ನ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. ಓಡುವ ಪ್ರತಿ ಬೈಕಿಗೂ ಉಪಗ್ರಹಕ್ಕೆ ಸುದ್ದಿ ಕಳಿಸುವ ಡಬ್ಬಿ ಇರುತ್ತದೆ, ಬಿದ್ದರೆ ಹೆಲಿಕಾಪ್ಟರ್ ಬರುತ್ತದೆ. ಸಾಮಾನು ಹೊರುವ ಲಾರಿಗೆ ಅಂಥದ್ದೇನೂ ಇಲ್ಲ ಎಂದೂ ನೀನೇ ಹೇಳಿದೆ. ಅದೇ ಮಧ್ಯಾಹ್ನ ಎರಡು ದಿಬ್ಬ ಆಚೆ ಮಣಿಕಟ್ಟು ಮುರಿದ ಸವಾರನನ್ನು ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತಂತೆ. ಆ ಹುಡುಗನ ಕೈ ನೆಟ್ಟಗಾಗಲಿ. ಅವನ ಮೇಲೆ ನನಗೆ ಸಿಟ್ಟಿಲ್ಲ. ಎರಡು ದಿಬ್ಬ ಈಚೆ ಇನ್ನೊಬ್ಬ ಮನುಷ್ಯ ಬಿದ್ದಿದ್ದಾನೆ ಎಂದು ತಿಳಿಯುವ ಏರ್ಪಾಡನ್ನೇ ಮಾಡದವರ ಮೇಲೆ ನನ್ನ ಸಿಟ್ಟು.

ಹೋದ ವರ್ಷ ಜಹೀರಾಬಾದಿನ ಗ್ಯಾರೇಜಿನಲ್ಲಿ ಕೂತು ನೀನು ವಾದ ಮಾಡಿದ್ದೆ: “ರೇಸ್ ಅಂದ್ರ ಹಂಗೇ ಅಕ್ಕಾ. ಎಲ್ಲಾರೂ ತಿಳದೇ ಬಂದಿರ್ತಾರ.” ಯಾರು ತಿಳಿದು ಬಂದಿದ್ದರೋ? ಜೀವವನ್ನು ಪಣಕ್ಕಿಡುವುದು ಆಟ ಎಂದುಕೊಂಡವನು ಇಡಲಿ, ಅದು ಅವನ ಜೀವ. ಸಂಗು ಏನು ಗೆಲ್ಲಲು ಹೋಗಿದ್ದ? ಅವನಿಗೆ ನಂಬರ್ ಇರಲಿಲ್ಲ, ಅವನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅಡುಗೆ ಮಾಡುವವನು, ಟಾಯರ್ ಹೊರುವವನು, ದಾರಿಯಲ್ಲಿ ಒಂಟೆ ಮೇಯಿಸುವವನು, ಇವರು ಯಾವ ಕಾಗದಕ್ಕೆ ಸಹಿ ಹಾಕಿ ಸಾಯಲು ಒಪ್ಪಿಕೊಂಡಿದ್ದರು? ಅವನು ಸತ್ತ ಮರುದಿನ ಬೆಳಿಗ್ಗೆ ಸರಿಯಾದ ಸಮಯಕ್ಕೆ ರೇಸ್ ಶುರುವಾಯಿತು. ನಾನು ಫೋನಿನಲ್ಲಿ ನೋಡಿದೆ. ಬಾವುಟ ಬೀಸಿದರು, ಸಂಗೀತ ಹಾಕಿದ್ದರು. ಅವನಿಗಾಗಿ ಒಂದು ನಿಮಿಷವೂ ಯಾರೂ ನಿಲ್ಲಲಿಲ್ಲ.

ತಾಂಡೂರಿನ ಕಲ್ಲುಚಪ್ಪಡಿ ಹೇರಿಕೊಂಡು ಎಂಟು ವರ್ಷ ಲಾರಿ ಓಡಿಸಿದವನು ಅವನು. ಒಂದು ದಿನವೂ ಒಂದು ನಾಯಿಗೂ ಗಾಲಿ ತಾಗಿಸಿರಲಿಲ್ಲ. ಕಣ್ಣು ಎಳೆದರೆ ಪೆದ್ದೆಮುಲ್ ದಾಟಿ ಬೇವಿನ ನೆರಳಿಗೆ ಗಾಡಿ ಹಾಕಿ ಮಲಗಿಬಿಡುತ್ತಿದ್ದ. ಸೇಟ್ ಬಯ್ದರೆ “ಚಪ್ಪಡಿ ಒಡದ್ರ ಮತ್ತ ಸಿಗ್ತಾವ್ರಿ, ನಾ ಒಡದ್ರ ನಮ್ಮವ್ವಗ ಎಲ್ಲಿಂದ ತಂದು ಕೊಡ್ತೀರಿ?” ಎಂದು ನಗುತ್ತಿದ್ದ. ಅಂಥವನನ್ನು ನಿದ್ದೆಗೆಡಿಸಿ ಕೊಂದರು. ಅವನನ್ನು ಅಲ್ಲಿಗೆ ಕರೆದುಕೊಂಡು ಹೋದವನು ನೀನು ಎಂಬುದನ್ನು ಚುಚ್ಚಲು ಹೇಳುತ್ತಿಲ್ಲ. ಒಳ್ಳೆಯದಾಗಲಿ ಎಂದೇ ಕರೆದಿದ್ದೆ, ಗೊತ್ತು.

ಈಗ ಕೇಳು. ಮೊನ್ನೆ ಗುರುವಾರ ಹೈದರಾಬಾದಿನಿಂದ ನಿಮ್ಮ ಟೀಮಿನ ಏಜೆಂಟ್ ಕಾರಿನಲ್ಲಿ ನಾಗಲಗಿದ್ದಕ್ಕೆ ಬಂದಿದ್ದ. ಇಂಗ್ಲಿಷ್ ಓದಲು ಸಂಗುವಿನ ತಾಯಿ ಬಂಡಮ್ಮ ನನ್ನನ್ನು ಕರೆಸಿದ್ದಳು. ಆತ ಮೊದಲು ಕಂಪನಿಗಳ ಗುರುತುಗಳಿರುವ ಒಂದು ಜಾಕೆಟ್ ತೆಗೆದ, ಆಮೇಲೆ ಗಾಜು ಹಾಕಿಸಿದ ಒಂದು ಸರ್ಟಿಫಿಕೇಟ್. ‘ಮರಳಿನ ವೀರ, ಸಾಹಸಕ್ಕಾಗಿ ಬಾಳಿದವನು’ ಎಂದು ಬರೆದಿತ್ತು. ಬಂಡಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು, “ಸಾಹಸ ಅಂದ್ರ ಏನವ್ವಾ? ಅಂವ ಡ್ಯೂಟಿ ಮಾಡಾಕ ಹೋಗಿದ್ನಲ್ಲ” ಎಂದಳು.

ಕೊನೆಗೆ ಏಜೆಂಟನ ಚೀಲದಿಂದ ಅಪಘಾತದ ವರದಿ ಹೊರಬಂತು. ನಾನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದೆ. ಚಾಲಕ ಹಿಂದಿನ ದಿನ ಎಂಟು ತಾಸು ನಿದ್ದೆ ಮಾಡಿದ್ದ. ಸ್ವಂತ ಇಚ್ಛೆಯಿಂದ ಡಾಂಬರ್ ರಸ್ತೆ ಬಿಟ್ಟು ಅಡ್ಡದಾರಿ ಹಿಡಿದ. ಅತಿವೇಗದಿಂದ ಲಾರಿ ಮಗುಚಿ ಸ್ಥಳದಲ್ಲೇ ತಕ್ಷಣ ಸತ್ತ. ಇದಿಷ್ಟಕ್ಕೂ ಸಂಗುವಿನ ಹೆಂಡತಿ ಶಿಲ್ಪಾರಾಣಿ ಒಪ್ಪಿ ಸಹಿ ಹಾಕಬೇಕಂತೆ. “ಫೈಲ್ ಮುಚ್ಚಬೇಕ್ರಿ ಅಮ್ಮಾ, ಒಂದೇ ಸಹಿ” ಎಂದು ಪೆನ್ನಿನ ಟೋಪಿ ತೆಗೆದು ಮುಂದೆ ಹಿಡಿದ.

ಆ ಹುಡುಗಿ ಮದುವೆಯಾಗಿ ಬಂದಾಗಿನಿಂದ ಹೊರಗಿನವರ ಎದುರು ತಲೆ ಎತ್ತಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಒಂದು ಕೈಯಲ್ಲಿ ಸರ್ಟಿಫಿಕೇಟ್, ಇನ್ನೊಂದರಲ್ಲಿ ವರದಿ ಹಿಡಿದು ಎದ್ದು ನಿಂತಳು. “ಇದ್ರಾಗ ವೀರ ಅಂತ ಬರದೀರಿ. ಇದ್ರಾಗ ತಪ್ಪು ಅಂವಂದೇ ಅಂತ ಬರದೀರಿ. ಎರಡ್ರಾಗ ಖರೇ ಯಾವ್ದ್ರೀ?” ಏಜೆಂಟ್ ನನ್ನ ಮುಖ ನೋಡಿದ. ನಾನು ಪೆಟ್ಟಿಗೆಯ ಜೊತೆ ಬಂದಿದ್ದ ಆಸ್ಪತ್ರೆಯ ಹಾಳೆ ತೆಗೆದು, “ತಕ್ಷಣ ಸತ್ತಾಂವ ಕಾಲಿಗಿ ಬಟ್ಟಿ ಹ್ಯಾಂಗ ಕಟ್ಕೊಂಡ್ನ್ರೀ ಸಾಬ್?” ಎಂದು ಕೇಳಿದೆ. ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ. ವರದಿಯ ಪ್ರತಿಯನ್ನು ನಾನು ವಾಪಸು ಕೊಡಲಿಲ್ಲ. ಇಪ್ಪತ್ತೆಂಟಕ್ಕೆ ಮತ್ತೆ ಬರುತ್ತಾನಂತೆ, ಆಗ ವಕೀಲನನ್ನೂ ಕರೆತರುತ್ತಾನಂತೆ.

ಬರಲಿ. ಅಷ್ಟರೊಳಗೆ ನೀನು ಕಂಡದ್ದನ್ನೆಲ್ಲ ಕೈಬರಹದಲ್ಲಿ ಬರೆದು, ಫೋಟೋ ತೆಗೆದು ನನ್ನ ಫೋನಿಗೆ ಕಳಿಸು. ಇಪ್ಪತ್ತೆರಡು ತಾಸು, ಮ್ಯಾನೇಜರ್ ಆಡಿದ ಮಾತು, ಆ ನಾಲ್ಕು ತಾಸು. ನಿನ್ನ ಪಾಸ್‌ಪೋರ್ಟ್ ಟೀಮಿನವರ ಹತ್ತಿರ ಇದೆ ಎಂದು ನನಗೆ ಗೊತ್ತು, ಹೆದರಿಕೆಯೂ ಇರುತ್ತದೆ. ಹೆದರಿಕೊಂಡೇ ಬರೆ, ಪರವಾಗಿಲ್ಲ. ಅಕ್ಷರ ಸೊಟ್ಟಗಾದರೂ ನಡೆಯುತ್ತದೆ.

ಅಪ್ಪ ಅಮ್ಮ ಆಶೀರ್ವಾದ ತಿಳಿಸಿದ್ದಾರೆ. ಕಣ್ಣಿಗೆ ಔಷಧಿ ಹಾಕುವುದನ್ನು ತಪ್ಪಿಸಬೇಡ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ಸ್ವರೂಪಾ

ತಾ.ಕ.: ಮೇಲೆ ಇದನ್ನು ಬರೆಯಲು ಕೈ ಬರಲಿಲ್ಲ. ಶಿವಾಜಿ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಆ ವರದಿಯ ತಳದಲ್ಲಿ ಇನ್ನೊಂದು ಸಾಲಿತ್ತು, ರಾಜಾ. ‘ಸಾಕ್ಷಿ: ರಾಜರತ್ನ, ಮೆಕ್ಯಾನಿಕ್.’ ಕೆಳಗೆ ನಿನ್ನ ಸಹಿ. ನಿನ್ನ ಸಹಿ ನನಗೆ ಗೊತ್ತಿಲ್ಲವೇ? ಹೆದರಿಸಿ ಹಾಕಿಸಿಕೊಂಡರೋ, ಓದದೆ ಹಾಕಿದೆಯೋ ನನಗೆ ತಿಳಿಯದು. ಮೇಲಿನದನ್ನೆಲ್ಲ ಗಟ್ಟಿಯಾಗಿ ಓದಿದ ನಾನು ಆ ಸಾಲಿಗೆ ಬಂದು ಓದುವುದನ್ನು ನಿಲ್ಲಿಸಿದೆ. “ಮುಗೀತೇನವ್ವಾ?” ಎಂದಳು ಬಂಡಮ್ಮ. “ಮುಗೀತು” ಎಂದು ಕಾಗದ ಮಡಚಿದೆ. ನಿನಗಾಗಿ ಆ ಮನೆಯಲ್ಲಿ ಕೂತು ನಾನೂ ಒಂದು ಸುಳ್ಳು ಹೇಳಿದೆ. ಹೊರಡುವಾಗ ಅವಳು ನನ್ನ ಕೈ ಹಿಡಿದು, “ರಾಜಾ ಬರ್ಲಿ, ಅಂವ ಇದ್ನಲ್ಲ ಅಲ್ಲಿ, ಅಂವ ಖರೇ ಹೇಳ್ತಾನ” ಎಂದಳು. ಇಪ್ಪತ್ತೆಂಟರವರೆಗೆ ಕಾಯುತ್ತೇನೆ. ಅಂದು ನಿನ್ನ ಕಾಗದ ಬರದಿದ್ದರೆ ಆ ಕೊನೆಯ ಸಾಲನ್ನು ಅವಳಿಗೆ ನಾನೇ ಓದಿ ಹೇಳುತ್ತೇನೆ.