ನಿನ್ನ ಹೆಸರು ತೆಗೆದ ಪುಟ

ಬಿಜೂರು, ಭಾನುವಾರ

ವಿನಯಾ,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದೆ. ಕ್ಷಮೆ ಕೇಳುವ ಮೊದಲೇ ಪ್ರೀತಿ ತೋರಿಸಲು ಹೊರಟರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು. ಹನ್ನೊಂದು ತಿಂಗಳಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಮೆಸೇಜಿಗೆ ನೀಲಿ ಗೆರೆ ಬೀಳುತ್ತದೆ, ಉತ್ತರ ಬರುವುದಿಲ್ಲ. ಹಾಗಾಗಿ ಕಾಗದ. ಬರೆಯಲು ಕುಳಿತ ಮೇಲೆ ನಾಲ್ಕು ಸಲ ಎದ್ದಿದ್ದೇನೆ. ಒಮ್ಮೆ ಹಾಲು ಉಕ್ಕುತ್ತದೆಂದು, ಒಮ್ಮೆ ಒಣಗಿದ ಬಟ್ಟೆ ತೆಗೆಯಲೆಂದು, ಇನ್ನೆರಡು ಸಲ ಸುಮ್ಮನೆ. ಈ ಕಾಗದದ ಕೊನೆಗೆ ನಿನ್ನಲ್ಲಿ ಒಂದು ಮಾತು ಕೇಳುವುದಿದೆ. ಅದನ್ನು ಈಗಲೇ ಕೇಳಿದರೆ ನೀನು ಮುಂದೆ ಓದುವುದಿಲ್ಲ.

ನಮ್ಮ ‘ಬಾಣಂತಿ ಕೋಣೆ’ ವೆಬ್‌ಸೈಟ್ ಶುರುವಾದದ್ದೇ ನಿನ್ನಿಂದ. ಬ್ರಹ್ಮಾವರದ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಒಂದೇ ಪ್ರಶ್ನೆಗೆ ದಿನಕ್ಕೆ ಹತ್ತು ಸಲ ಉತ್ತರ ಹೇಳಿ ನಿನಗೆ ಸಾಕಾಗಿತ್ತು. ಒಳನಾಡಿನ ಶಂಕರನಾರಾಯಣ ಊರಿನ ಕುಸುಮಾವತಿ ಅಕ್ಕನಿಗೆ, ಅವರ ಹಾಗೆ ಬಾಣಂತಿಗೂ ಮಗುವಿಗೂ ಎಣ್ಣೆ ಹಚ್ಚಿ ಮೀಯಿಸುವ ಇನ್ನೈದು ಹೆಂಗಸರಿಗೆ, ಕರೆಯುವ ಮನೆಗಳು ಬೇಕಿದ್ದವು. ನನ್ನ ಹತ್ತಿರ ಒಂದು ಹಳೆಯ ಕಂಪ್ಯೂಟರೂ ಬೇಕಾದಷ್ಟು ಪುರಸೊತ್ತೂ ಇದ್ದವು. ನೀನು ಎದುರಿಗೆ ಕೂತು ಮಾತಾಡಿದ ಹಾಗೆ ಬರೆದೆ. ಬಾಣಂತಿಗೆ ನೀರು ಕಡಿಮೆ ಕೊಡಬೇಕೆಂದು ಅತ್ತೆ ಹೇಳುತ್ತಾರೆ, ನಿಜವಾ? ಮಗು ಹಳದಿಯಾಗಿ ಕಂಡರೆ ಎಷ್ಟು ದಿನ ಕಾಯಬಹುದು? ಪ್ರತಿ ಪುಟದ ಕೆಳಗೆ ‘ಬರೆದದ್ದು: ವಿನಯಾ, ಸ್ಟಾಫ್ ನರ್ಸ್’ ಎಂದು ಹಾಕಿದವಳು ನಾನೇ. ನಿನಗೆ ನಾಚಿಕೆಯಾಗಿತ್ತು.

ಎರಡೇ ವರ್ಷದಲ್ಲಿ, ಕನ್ನಡದಲ್ಲಿ ಬಾಣಂತಿ ಆರೈಕೆ ಎಂದು ಯಾರು ಹುಡುಕಿದರೂ ನಾವೇ ಮೊದಲು ಸಿಗುತ್ತಿದ್ದೆವು. ಮುಂಬೈಯ ಒಂದು ಕನ್ನಡ ಸಂಘದವರು ತಮ್ಮ ಸೈಟಿನಲ್ಲಿ ನಮ್ಮ ಲಿಂಕ್ ಹಾಕಿಕೊಂಡರು. ಹೆರಿಗೆ ಡಾಕ್ಟರೊಬ್ಬರು ತಮ್ಮ ಪುಟದಿಂದ ನಿನ್ನ ಪುಟಕ್ಕೆ ದಾರಿ ತೋರಿಸಿದರು. ಪುಣೆಯಿಂದ, ಮಸ್ಕತ್ತಿನಿಂದ ಫೋನು. ಕುಸುಮಕ್ಕ ಜೀವಮಾನದಲ್ಲಿ ಮೊದಲ ಸಲ ಮುಂಬೈ ರೈಲು ಹತ್ತಿದ್ದು ಆಗಲೇ. ಬೈಂದೂರು ಸ್ಟೇಷನ್ನಿನಲ್ಲಿ ಬಜೆ, ಅರಸಿನ, ತೆಂಗಿನೆಣ್ಣೆ ಎಲ್ಲ ಕಟ್ಟಿಕೊಂಡು ನಿಂತವರು, ಅಲ್ಲಿ ಮೀಯಿಸಲು ಹಂಡೆ ಇದೆಯೋ ಇಲ್ಲವೋ ಎಂಬ ಒಂದೇ ಚಿಂತೆಯಲ್ಲಿದ್ದರು.

ಮೊದಲ ಸ್ಥಾನ ಎಂಬುದು ಒಂದು ಚಟ, ವಿನಯಾ. ನಾನು ಬೆಳಿಗ್ಗೆ ಹಲ್ಲುಜ್ಜುವ ಮೊದಲು ನಮ್ಮ ಸೈಟನ್ನು ಹುಡುಕಿ ನೋಡುತ್ತಿದ್ದೆ. ಬೂತಾಯಿ ಮೀನು ಕತ್ತರಿಸುತ್ತಾ ಮೊಣಕೈಯಿಂದ ಫೋನ್ ಒತ್ತಿ ನೋಡಿದ್ದೂ ಇದೆ. ಇರುವುದು ಸಾಲದು ಅನ್ನಿಸತೊಡಗಿತು. ಕುಂದಾಪುರದಲ್ಲಿ ವೆಬ್‌ಸೈಟ್ ಮಾಡಿಕೊಡುವ ರತನ್, ಊರಿಗೊಂದು ಪುಟ ಹಾಕಿದರೆ ಯಾವ ಊರಿನವರು ಹುಡುಕಿದರೂ ನೀವೇ ಬರುತ್ತೀರಿ ಅಂದ. ಹೂಂ ಅಂದೆ. ಅವನು ಎಐ ಯಂತ್ರದ ಕೈಯಲ್ಲಿ ಒಂದು ಪುಟ ಬರೆಸಿ, ಊರಿನ ಹೆಸರು ಮಾತ್ರ ಬದಲಿಸಿ, ಎಂಬತ್ತು ಪುಟ ಮಾಡಿದ. ಕುಂದಾಪುರದಲ್ಲಿ ಬಾಣಂತಿ ಆರೈಕೆ, ಬೈಂದೂರಿನಲ್ಲಿ ಬಾಣಂತಿ ಆರೈಕೆ, ಬ್ರಹ್ಮಾವರದಲ್ಲಿ ಬಾಣಂತಿ ಆರೈಕೆ. ಕಡಲ ಪಕ್ಕದ ತ್ರಾಸಿ ಊರಿಗೆ ಬರೆದದ್ದನ್ನೇ ಎತ್ತಿ ಹಾಕಿದ್ದರಿಂದ ‘ಕಡಲ ತಡಿಯ ಶಂಕರನಾರಾಯಣ’ ಎಂದೂ ಒಂದು ಪುಟ ಆಯಿತು. ಕುಸುಮಕ್ಕ ಅದನ್ನು ಮೊಮ್ಮಗಳ ಕೈಯಲ್ಲಿ ಓದಿಸಿ, “ನಮ್ಮನಿ ಹತ್ರ ಸಮುದ್ರ ಯಾವಾಗ ಬಂತ್ ಹೆಣೆ? ನಂಗ್ ಯಾರೂ ಹೇಳ್ಳೇ ಇಲ್ಲ” ಎಂದು ನಕ್ಕಿದ್ದರು. ನಾನೂ ನಕ್ಕೆ. ಎಂಬತ್ತರಲ್ಲಿ ಒಂದನ್ನೂ ನಾನು ಪೂರ್ತಿ ಓದಿರಲಿಲ್ಲ.

ನೀನು ಓದಿದೆ. ಎಳೆಯ ಮಗುವಿಗೆ ದಿನಾ ಬಜೆಯನ್ನು ಜೇನಿನಲ್ಲಿ ತೇಯ್ದು ನೆಕ್ಕಿಸಿದರೆ ಮಾತು ಬೇಗ ಬರುತ್ತದೆ ಎಂದಿತ್ತು. ಅದರ ಕೆಳಗೆ ನಿನ್ನ ಹೆಸರಿತ್ತು. ಅವತ್ತು ನೀನು ಫೋನಿನಲ್ಲಿ ದನಿ ಏರಿಸಲಿಲ್ಲ. “ಸ್ನೇಹಾ, ಒಂದೋ ಆ ಪುಟ ತೆಗಿ, ಇಲ್ದಿರೆ ನನ್ ಹೆಸ್ರ್ ತೆಗಿ. ಎರಡೂ ಒಟ್ಟಿಗ್ ಇಪ್ಪುಕ್ ಆತಿಲ್ಲ” ಅಂದೆ.

ನಾನು ಹೆಸರು ತೆಗೆದೆ.

ಆ ಒಂದು ಪುಟದಿಂದ ಮಾತ್ರವಲ್ಲ, ಎಲ್ಲ ಪುಟಗಳಿಂದಲೂ. ನಮ್ಮ ಅಜ್ಜಿಯಂದಿರು ಜೇನು ನೆಕ್ಕಿಸಲಿಲ್ಲವಾ, ನಾವು ಬದುಕಲಿಲ್ಲವಾ, ನಾಲ್ಕು ಅಕ್ಷರ ನರ್ಸಿಂಗ್ ಓದಿದ ಜಂಬ ಇವಳಿಗೆ ಎಂದುಕೊಂಡೆ. ಈಗ ಬರೆಯುವಾಗ ಮುಖ ಬಿಸಿಯಾಗುತ್ತಿದೆ. ಆದರೆ ಅವತ್ತು ಹಾಗೆಯೇ ಅಂದುಕೊಂಡಿದ್ದೆ, ಮುಚ್ಚಿಡುವುದು ಬೇಡ.

ಒಂದೂವರೆ ತಿಂಗಳಲ್ಲಿ ಫೋನ್ ನಿಂತಿತು. ವಿಚಿತ್ರವೆಂದರೆ ನನ್ನ ಮೊಬೈಲಿನಲ್ಲಿ ಹುಡುಕಿದರೆ ನಾವೇ ಮೊದಲು. ದಿನಕ್ಕೆ ಇಪ್ಪತ್ತು ಸಲ ತೆರೆಯುವವಳಿಗೆ ಅದು ಅವಳದ್ದನ್ನೇ ತೋರಿಸುತ್ತದಂತೆ. ಡೊಂಬಿವಲಿಯಲ್ಲಿರುವ ನನ್ನ ತಂಗಿ ಅನಿಷಾ ಅವಳ ಫೋನಿನಲ್ಲಿ ನೋಡಿದರೆ ನಾಲ್ಕನೇ ಪುಟದವರೆಗೂ ನಾವಿಲ್ಲ. ಕುಸುಮಕ್ಕ ಹೊಸ ಸೀರೆ ಇಸ್ತ್ರಿ ಮಾಡಿಟ್ಟು ಕಾಯುತ್ತಿದ್ದರು. “ಹ್ವಾಯ್ ಸ್ನೇಹಾ, ಫೋನ್ ಹಾಳಾಯ್ತಾ ಎಂತ? ಮಕ್ಳ್ ಹುಟ್ಟುದೇ ನಿಂತ್ ಹೋಯ್ತಾ?” ಎಂದು ಕೇಳಿದರು. ಹೊತ್ತು ಸರಿ ಇಲ್ಲ ಅಕ್ಕ, ಅಂದೆ.

ಆ ಮಾತು ಬಾಯಿಗೆ ಬಂದದ್ದೇ ತಪ್ಪಾಯಿತು. ಹೊತ್ತು ಸರಿ ಇಲ್ಲದವರು ನಮ್ಮ ಕಡೆ ಎಲ್ಲಿಗೆ ಹೋಗುತ್ತಾರೆ, ನಿನಗೆ ಹೇಳಬೇಕಾ. ಜೋಯಿಸರಲ್ಲಿ ಪ್ರಶ್ನೆ ಇಡಿಸಲು ಹೋದೆ. ವೆಬ್‌ಸೈಟ್ ಕೆಳಗೆ ಹೋಯಿತು ಎಂದು ಕವಡೆಯ ಎದುರು ಕೂತವಳು ನಾನೊಬ್ಬಳೇ ಇರಬೇಕು. ಅವರು ಪಾಪ, ಅಂಗಡಿಯಂಥದ್ದು ಏನೋ ಅಂದುಕೊಂಡರು. “ಹೆಸ್ರಂಗ್ ಒಂದ್ ದೋಷ ಕಾಣ್ತ್. ಒಟ್ಟಿಗ್ ಉಂಡವ್ರ್ ಯಾರಾದ್ರೂ ಬೇಜಾರಂಗ್ ಇದ್ರಾ?” ಎಂದು ಕೇಳಿದರು. ಅವರು ಯಾರ ಹೆಸರನ್ನೂ ಹೇಳಲಿಲ್ಲ, ವಿನಯಾ. ಇದ್ದಾಳೆ, ಬ್ರಹ್ಮಾವರದವಳು, ಎಂದವಳು ನಾನು. ಊರಲ್ಲಿ ಮಾತ್ರ ಪ್ರಶ್ನೆಯಲ್ಲಿ ನಿನ್ನ ಹೆಸರು ಬಂತು ಎಂದು ಹೇಳಿಕೊಂಡು ತಿರುಗಿದೆ.

ಹೆಸರಿನ ದೋಷಕ್ಕೆ ಪರಿಹಾರವಾಗಿ ಸೈಟಿನ ಹೆಸರನ್ನೇ ಬದಲಿಸಿದೆ. ‘ಬಾಣಂತಿ ಕೋಣೆ’ ಹೋಗಿ ‘ಶುಭಮಾತೃಕಾ’ ಆಯಿತು. ಹೆರಿಗೆಯಾದ ಯಾವ ಮನೆಯವರು ಹಾಗೆಂದು ಹುಡುಕುತ್ತಾರೆ ಹೇಳು. ಹಳೆಯ ವಿಳಾಸ ದೋಷದ್ದಲ್ಲವಾ, ಅದನ್ನು ಪೂರ್ತಿ ಮುಚ್ಚಿಸಿದೆ. ರತನ್ ಬೇಡ ಅಂದ, ಹಳೆಯದಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ವ್ಯವಸ್ಥೆಯಾದರೂ ಇರಲಿ ಅಂದ. ದೋಷವೂ ಹಿಂದೆಯೇ ಬಂದರೆ ಎಂದು ಗದರಿಸಿದೆ. ಮರುವಾರದಿಂದ ನಾವು ಎಲ್ಲಿಯೂ ಇಲ್ಲ. ಇಷ್ಟಾಗುವಾಗ ನಿನ್ನ ಬರಹಗಳು, ಅಕ್ಷರ ಬದಲಾಗದೆ, ಬೇರೆ ಯಾರದ್ದೋ ಸೈಟುಗಳಲ್ಲಿ ಮೇಲೆ ಮೇಲೆ ಕಾಣತೊಡಗಿದವು. ನನ್ನ ಬುದ್ಧಿಗೆ ಹೊಳೆದದ್ದು ಒಂದೇ, ನೀನು ಕೊಟ್ಟಿದ್ದೀಯ.

ಬ್ರಹ್ಮಾವರದ ಬಸ್‌ಸ್ಟ್ಯಾಂಡಿನಲ್ಲಿ ನಾನು ಆಡಿದ ಮಾತು ನಿನಗೆ ನೆನಪಿರುತ್ತದೆ. ನಿನ್ನ ಜೊತೆಯ ನರ್ಸುಗಳಿದ್ದರು, ಕಾಲೇಜಿನ ಮಕ್ಕಳಿದ್ದರು. “ಆರ್ ಹೆಂಗ್ಸ್ರ್ ಅನ್ನಕ್ಕೆ ಕಲ್ಲ್ ಹಾಕಿದಿ” ಎಂದು ಕೂಗಿದೆ. ನೀನು ಬ್ಯಾಗನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡು, “ನಂಗ್ ಡ್ಯೂಟಿಗ್ ಹೊತ್ತಾಯ್ತ್” ಎಂದು ಹೊರಟೆ. ನೀನು ತಿರುಗಿ ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಕಳೆದ ತಿಂಗಳು ಚಿಕ್ಕಪ್ಪನ ಮಗಳು ತೃಷಾ ಬಂದಿದ್ದಳು. ಉಡುಪಿಯಲ್ಲಿ ಅವಳಿಗೆ ಇದೇ ಕೆಲಸ, ಯಾರ ಸೈಟ್ ಯಾಕೆ ಬಿತ್ತು ಎಂದು ಹುಡುಕುವುದು. ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಮಧ್ಯಾಹ್ನ ಕೂತಳು. “ಅಕ್ಕ, ಯಾರ್ ಕಣ್ಣೂ ಬಿದ್ದದ್ದಲ್ಲ. ನಿಮ್ಮನಿ ಬಾಗಿಲಿಗೆ ನೀವೇ ಬೀಗ ಹಾಕಿ ಕೀಲಿಕೈ ಬಾವಿಗ್ ಹಾಕಿದ್ರಿ” ಅಂದಳು. ಒಂದೇ ಮಾತನ್ನು ಎಂಬತ್ತು ಊರಿನ ಹೆಸರಿಟ್ಟು ಹೇಳಿದರೆ ಇದರಲ್ಲಿ ಹುರುಳಿಲ್ಲ ಎಂದು ಹುಡುಕುವ ಯಂತ್ರಕ್ಕೂ ತಿಳಿಯುತ್ತದಂತೆ. ಬಾಣಂತಿಯ, ಮಗುವಿನ ಆರೋಗ್ಯದ ವಿಷಯವಾದರೆ ಇನ್ನೂ ಬಿಗಿ. ಹೇಳಿದ್ದು ಸರಿಯಾ, ಹೇಳಿದವರು ಯಾರು, ಅವರಿಗೆ ಆ ವಿಷಯ ಗೊತ್ತಾ, ಬೇರೆ ತಿಳಿದವರು ಅವರನ್ನು ನಂಬುತ್ತಾರಾ. ನಮ್ಮಲ್ಲಿ ಅದಕ್ಕೆಲ್ಲ ಇದ್ದ ಉತ್ತರ ನೀನು. ಸಂಘದವರು, ಡಾಕ್ಟರು ಹಾಕಿದ್ದ ಲಿಂಕುಗಳೆಲ್ಲ ಮುಚ್ಚಿದ ವಿಳಾಸಕ್ಕೆ ಹೋಗಿ ನಿಂತಿದ್ದವು. ಮೂಲವೇ ಇಲ್ಲವಾದ ಮೇಲೆ ಕದ್ದವರದ್ದೇ ಮೂಲವಾಯಿತು. ನೀನು ಯಾರಿಗೂ ಏನೂ ಕೊಟ್ಟಿರಲಿಲ್ಲ.

ಇಷ್ಟು ಗೊತ್ತಾದ ಮೇಲೂ ಕಾಗದ ಬರೆಯಲು ಧೈರ್ಯ ಬರಲಿಲ್ಲ. ಎಂಬತ್ತು ಪುಟ ಅಳಿಸಿದೆ, ಹಳೆಯ ವಿಳಾಸ ತೆರೆಸಿದೆ. ಹಳೆಯ ಜಾಗ ಸಿಗಲು ತಿಂಗಳುಗಳು ಬೇಕು, ಸಿಗದೆಯೂ ಇರಬಹುದು ಎಂದು ತೃಷಾ ಹೇಳಿದ್ದನ್ನು ಕುಸುಮಕ್ಕನಿಗೂ ಹೇಳಿದೆ. ನಿನಗೆ ಹೇಳುವುದು ಮಾತ್ರ ನಾಳೆ, ನಾಡಿದ್ದು ಎಂದು ಮುಂದೆ ಹಾಕಿದೆ.

ಮೊನ್ನೆ ಶುಕ್ರವಾರ ಅನಿಷಾ ಫೋನ್ ಮಾಡಿದ್ದಳಂತೆ. ಅವಳ ಮಗುವಿಗೆ ಇಪ್ಪತ್ತೆರಡು ದಿನ. ನಾನು ಫೋನಿನಲ್ಲಿ ತೃಷಾಳ ಜೊತೆ ಸೈಟಿನ ವಿಷಯವೇ ಮಾತಾಡುತ್ತಿದ್ದೆ, ಅನಿಷಾಳ ಕರೆ ನನಗೆ ಸಿಗಲಿಲ್ಲ. ಆಗ ಅವಳು ನಿನಗೆ ಮಾಡಿದಳು. ಅವಳ ಅತ್ತೆ ಮೊಬೈಲಿನಲ್ಲಿ ಹುಡುಕಿ, ಮೊದಲು ಸಿಕ್ಕಿದ್ದನ್ನು ಓದಿ, ಬಜೆ ತೇಯ್ದು ಜೇನಿನ ಬಾಟಲಿಯ ಮುಚ್ಚಳ ತೆಗೆದಿದ್ದರು. ನೀನು ಎರಡನೇ ರಿಂಗಿಗೆ ಎತ್ತಿದೆಯಂತೆ. “ಒಂದ್ ವರ್ಷ ಆಪುವರೆಗೆ ಜೇನ್ ಒಂದ್ ಹನಿಯೂ ಬ್ಯಾಡ. ಅತ್ತೆಗ್ ಫೋನ್ ಕೊಡ್” ಎಂದು, ಜೇನಿನಲ್ಲಿರಬಹುದಾದ ವಿಷಕ್ರಿಮಿ ಎಳೆಯ ಮಗುವಿನ ಜೀವಕ್ಕೇ ಅಪಾಯ ಎಂಬುದನ್ನು ಆ ಹಿರಿಯರಿಗೆ ಬೇಜಾರಾಗದ ಹಾಗೆ ಕಾಲು ಗಂಟೆ ಬಿಡಿಸಿ ಹೇಳಿದೆಯಂತೆ. ಮಗುವಿನ ಬಾಯಿಗೆ ಜೇನು ಹೋಗಲಿಲ್ಲ. ನನ್ನ ಸುದ್ದಿಯನ್ನು ನೀನು ಎತ್ತಲೇ ಇಲ್ಲ ಎಂದಳು ಅನಿಷಾ.

ಅತ್ತೆ ಓದಿದ ಪುಟವನ್ನು ಅವಳು ನನಗೆ ಕಳಿಸಿದಳು. ಯಾವುದೋ ಊರಿನ ಯಾವುದೋ ಸೈಟು. ಮೂರನೇ ಸಾಲಿನಲ್ಲೇ ‘ಕಡಲ ತಡಿಯ ಶಂಕರನಾರಾಯಣ’. ನನ್ನ ಪುಟ. ನಾನು ಅಳಿಸಿದ ಮೇಲೂ ಅದು ಇದೆ, ನನ್ನ ತಂಗಿಯ ಮನೆಗೆ ಹೋಗಿ ಮುಟ್ಟಿದೆ. ನನಗೆ ಆಗಿನಿಂದ ಕೂತಲ್ಲಿ ಕೂರಲು ಆಗುತ್ತಿಲ್ಲ. ಅಂಥವು ಇನ್ನೂ ಏಳು ಕಡೆ ಸಿಕ್ಕವು. ಎಲ್ಲರಿಗೂ ಬರೆದೆ. ಇಬ್ಬರು ತೆಗೆದರು. ಉಳಿದವರು ಯಾರು, ಎಲ್ಲಿದ್ದಾರೆ ಎಂದೇ ತಿಳಿಯದು. ಅವನ್ನು ಕೆಳಗೆ ತಳ್ಳಲು ಇರುವ ದಾರಿ ಒಂದೇ, ಸರಿಯಾದ ಪುಟವೊಂದು ಮೇಲೆ ಬರಬೇಕು, ಅದನ್ನು ತಿಳಿದವರು ತಮ್ಮ ಹೆಸರು ಹಾಕಿ ಬರೆಯಬೇಕು, ಎಂದಳು ತೃಷಾ.

ಅಂದರೆ ಪುನಃ ನಿನ್ನ ಹೆಸರೇ ಬೇಕು. ಕೇಳಬೇಕು ಅನ್ನಿಸಿದ ಕ್ಷಣವೇ ನನ್ನ ಮೇಲೆ ನನಗೆ ಅನುಮಾನ ಬಂತು. ಇದು ಆ ಮಕ್ಕಳಿಗಾಗಿಯಾ, ನಮ್ಮ ಸೈಟ್ ಮೇಲೆ ಬರಲಿ ಎಂದಾ? ಎರಡು ದಿನ ಯೋಚಿಸಿದೆ, ಖಾತ್ರಿಯಾಗಲಿಲ್ಲ. ಹಾಗಾಗಿ ಹೀಗೆ ಕೇಳುತ್ತೇನೆ. ನಮ್ಮಲ್ಲಿ ಬರೆಯಬೇಡ. ನಿನ್ನದೇ ಹೆಸರಿನ ಒಂದು ಸೈಟ್ ಮಾಡಿಕೋ, ತೃಷಾ ಕಟ್ಟಿಕೊಡುತ್ತಾಳೆ, ಪಾಸ್‌ವರ್ಡ್ ನಿನ್ನೊಬ್ಬಳ ಹತ್ತಿರ ಇರಲಿ. ನೀನು ನಮಗೆ ಬರೆದದ್ದನ್ನೆಲ್ಲ ಅಲ್ಲಿಗೆ ಒಯ್ಯು, ಅದು ನಿನ್ನದು. ನಮ್ಮ ಪ್ರತಿ ಪುಟದಿಂದ ನಿನ್ನ ಪುಟಕ್ಕೆ ದಾರಿ ಹಾಕುತ್ತೇನೆ, ಸಂಘದವರನ್ನೂ ಡಾಕ್ಟರನ್ನೂ ನಿನ್ನ ಕಡೆಗೆ ತಿರುಗಿಸಲು ಕೇಳಿಕೊಳ್ಳುತ್ತೇನೆ. ಕುಸುಮಕ್ಕನ, ಉಳಿದವರ ಫೋನ್ ನಂಬರುಗಳನ್ನು ನಿನ್ನಲ್ಲಿ ಹಾಕಿದರೆ ಅವರ ಕೆಲಸಕ್ಕೂ ದಾರಿಯಾಗುತ್ತದೆ. ಹಾಕದಿದ್ದರೆ ನಾನು ಮನೆ ಮನೆ ತಿರುಗುತ್ತೇನೆ. ನನ್ನನ್ನು ಮಾತಾಡಿಸಬೇಕೆಂದಿಲ್ಲ.

ಇನ್ನೊಬ್ಬ ಅತ್ತೆ ಜೇನಿನ ಬಾಟಲಿ ಪಕ್ಕದಲ್ಲಿಟ್ಟುಕೊಂಡು ಹುಡುಕುವಾಗ ಮೊದಲು ನಿನ್ನ ಮಾತು ಸಿಗಲಿ, ವಿನಯಾ. ನಾನು ಬರೆಸಿದ್ದು ಎಷ್ಟು ಕೆಳಗೆ ಹೋದರೂ ನನಗೆ ಸಾಲದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗೆ ಬಂದ ಮಕ್ಕಳೆಲ್ಲ ನೂರು ವರ್ಷ ಬಾಳಲಿ.

ನಿನ್ನಲ್ಲಿ ತಪ್ಪು ಮಾಡಿದ
ಸ್ನೇಹಲತಾ