ಶೈತ್ಯಾಗಾರದ ಗಂಟೆಗೆ ಚಪ್ಪಾಳೆ

ನಮ್ಮ ಕಾರ್ಖಾನೆಯ ಸಿಬ್ಬಂದಿ ಉತ್ಸಾಹ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಶೈತ್ಯಾಗಾರದ ಬಾಗಿಲ ಮೇಲಿನ ಗಂಟೆಯನ್ನು ನಮಗೆ ವಾಪಸ್ ಕೊಡಿ. ಕ್ಷೇಮಸಮಾಚಾರ ಆಮೇಲೆ ಮಾತಾಡೋಣ. ತಾವು ಕ್ಷೇಮ ವಿಚಾರಿಸುವ ರೀತಿ ನನಗೆ ಗೊತ್ತಾಗಿದೆ. ನಾನು ಆಸ್ಪತ್ರೆಯಲ್ಲಿದ್ದಾಗ ತಮ್ಮ ವಿಭಾಗದಿಂದ ಒಂದು ಬಲೂನು ಬಂದಿತ್ತು, ಅದರ ಮೇಲೆ ನಗುವ ಮುಖವಿತ್ತು. ಎರಡು ಬೆರಳು ಕಳೆದುಕೊಂಡವನು ಅದರ ದಾರವನ್ನು ಹೇಗೆ ಹಿಡಿದುಕೊಳ್ಳಬೇಕು ಎಂದು ಯೋಚಿಸುವಷ್ಟು ಪುರುಸೊತ್ತು ಪಾಪ ತಮ್ಮಲ್ಲಿ ಯಾರಿಗೂ ಇರಲಿಲ್ಲ.

ಈ ಪತ್ರವನ್ನು ಹೊರಗಿನವರೂ ಓದುತ್ತಾರಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ನಮ್ಮದು ತರಕಾರಿಯನ್ನು ಹೆಪ್ಪುಗಟ್ಟಿಸಿ ಪೊಟ್ಟಣ ಕಟ್ಟುವ ಕಾರ್ಖಾನೆ. ಪ್ಯಾಕಿಂಗ್ ಹಾಲಿನ ಕೊನೆಗೆ ದಪ್ಪನೆಯ ಉಕ್ಕಿನ ಬಾಗಿಲು, ಅದರಾಚೆ ಶೈತ್ಯಾಗಾರ. ಉಸಿರು ಬಿಟ್ಟರೆ ಮೀಸೆಯ ಮೇಲೆ ಮಂಜು ಕೂರುವ ಜಾಗ ಅದು. ಒಳಗೆ ಗೋಡೆಗೆ ಒಂದು ಕೆಂಪು ಹಗ್ಗ ಇಳಿಬಿದ್ದಿದೆ. ಎಳೆದರೆ ಹಾಲಿನ ಕಡೆ, ಬಾಗಿಲ ಮೇಲಿರುವ ಗಂಟೆ ಹೊಡೆದುಕೊಳ್ಳುತ್ತದೆ. ಗಂಟೆ ಹೊಡೆದುಕೊಂಡರೆ ಒಳಗೆ ಯಾರೋ ಸಿಕ್ಕಿಹಾಕಿಕೊಂಡಿದ್ದಾರೆ ಎಂದೇ ಅರ್ಥ. ಹತ್ತಿರವಿದ್ದವರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಬೇಕು. ಇದನ್ನು ನಮಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಹೊಸಬರು ಬಂದ ದಿನವೇ ಹಳಬರು ಹೇಳುತ್ತಿದ್ದರು, ಅಷ್ಟೆ. ಒಬ್ಬರನ್ನೊಬ್ಬರು ನೋಡಿಕೊಳ್ಳುವ ಸಂಸ್ಕೃತಿ ಎಂದು ತಾವು ಪರದೆಯ ಮೇಲೆ ದೊಡ್ಡಕ್ಷರಗಳಲ್ಲಿ ತೋರಿಸಿದಿರಲ್ಲ, ಅದು ತಾವು ಬರುವ ಮೊದಲೇ ಇಲ್ಲಿತ್ತು.

ತಾವು ಬಂದವರೇ ಒಂದು ಸಮೀಕ್ಷೆ ಮಾಡಿಸಿದಿರಿ. ಕೆಲಸದಲ್ಲಿ ಸಂತೋಷವಾಗಿದ್ದೀರಾ ಎಂದು ಕೇಳಿದಿರಿ. ಬಾಗಿಲ ಒಳಗಿನ ಹಿಡಿ ಸಿಕ್ಕಿಹಾಕಿಕೊಳ್ಳುತ್ತದೆ, ಕೈಗವಸು ಹರಿದಿದೆ ಎಂದು ನಾವು ಬರೆದೆವು. ಅದರಿಂದ ತಮಗೆ ತಿಳಿದುಬಂದದ್ದು ಹಿಡಿ ಕೆಟ್ಟಿದೆ ಎಂದಲ್ಲ, ನಮ್ಮ ಮನೋಭಾವ ಕೆಟ್ಟಿದೆ ಎಂದು. ಇನ್ನು ಮುಂದೆ ಸಲಹೆ ಪೆಟ್ಟಿಗೆಗೆ ಹಾಕುವ ಚೀಟಿಯೆಲ್ಲ ಒಂದು ಕೃತಜ್ಞತೆಯ ಮಾತಿನಿಂದಲೇ ಶುರುವಾಗಬೇಕು ಎಂದು ಆಜ್ಞೆಯಾಯಿತು. ನಾನೂ ಬರೆದು ಹಾಕಿದೆ: ಇಂಥ ಬಾಗಿಲನ್ನು ಕೊಟ್ಟಿದ್ದಕ್ಕೆ ಧನ್ಯವಾದಗಳು, ಅದು ಒಳಗಿನಿಂದ ತೆರೆಯುವುದಿಲ್ಲ. ಆ ಚೀಟಿಯನ್ನು ತಾವು ಓದಿರಲೇಬೇಕು, ಏಕೆಂದರೆ ಆ ತಿಂಗಳ ಸಭೆಯಲ್ಲಿ ನನ್ನ ಹಾಸ್ಯಪ್ರಜ್ಞೆಯನ್ನು ಹೊಗಳಿದಿರಿ.

ಆಮೇಲೆ ತಮ್ಮ ಕಣ್ಣು ಗಂಟೆಯ ಮೇಲೆ ಬಿತ್ತು. ದುಡಿಯುವವರ ತಲೆಯ ಮೇಲೆ ಭಯದ ಗಂಟೆ ನೇತಾಡಬಾರದು ಎಂದಿರಿ. ಅದರ ಕೆಳಗೆ ಬರೆದಿದ್ದ 'ಅಪಾಯ' ಎಂಬುದಕ್ಕೆ ಬಣ್ಣ ಬಳಿಸಿ 'ಆನಂದ' ಎಂದು ಬರೆಸಿದಿರಿ. ಹೊರಗಡೆಯಿಂದಲೂ ಎಳೆಯಲು ಒಂದು ಹಳದಿ ರಿಬ್ಬನ್ ಕಟ್ಟಿಸಿದಿರಿ. ಯಾವ ತಂಡ ದಿನದ ಗುರಿ ಮುಟ್ಟುತ್ತದೋ ಆ ತಂಡ ಗಂಟೆ ಹೊಡೆಯಬೇಕು, ಉಳಿದವರೆಲ್ಲ ನಿಂತು ಚಪ್ಪಾಳೆ ತಟ್ಟಬೇಕು. ತಟ್ಟದವರನ್ನು 'ಪಾಲ್ಗೊಳ್ಳದವರು' ಎಂದು ಗುರುತು ಹಾಕಿಕೊಳ್ಳಲು ತಮ್ಮ ಸಹಾಯಕಿಯೊಬ್ಬರು ಮೂಲೆಯಲ್ಲಿ ನಿಂತಿರುತ್ತಿದ್ದರು. ನಗುವಿಗೂ ಕಾವಲು ಬೇಕಾಗುತ್ತದೆ ಎಂದು ನನಗೆ ಗೊತ್ತಾಗಿದ್ದು ಆಗಲೇ.

ಇದನ್ನೆಲ್ಲ ತಾವು ಸಭೆಯಲ್ಲಿ ಸಾರಿದ ದಿನ ಒಬ್ಬ ಮಾತ್ರ ಬಾಯಿ ಬಿಟ್ಟ. ನನ್ನ ಜೊತೆ ಶೈತ್ಯಾಗಾರದಲ್ಲಿ ಪೆಟ್ಟಿಗೆ ಎತ್ತುತ್ತಿದ್ದ ಹಿರಿಯ ಅವನು. ಒಂದು ನಿಮಿಷ ಬಾಯಿ ಮುಚ್ಚುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅವನನ್ನು ರೇಡಿಯೊ ಎನ್ನುತ್ತಿದ್ದರು. ನಾನು ಅಣ್ಣ ಎನ್ನುತ್ತಿದ್ದೆ. ಅವನು ಎದ್ದು ನಿಂತು ಕೇಳಿದ: "ಒಳಗಿರೋನು ಎಳೆದ್ರೆ ಅದು ಯಾವ ಗಂಟೆ ಸಾರ್?" ತಾವು ನಕ್ಕು, ಬಹಳ ಒಳ್ಳೆಯ ಪ್ರಶ್ನೆ, ಇಂಥ ಉತ್ಸಾಹವೇ ನಮಗೆ ಬೇಕಾಗಿರುವುದು ಎಂದಿರಿ. ಅವನಿಗೊಂದು ಚಪ್ಪಾಳೆ ಹೊಡೆಸಿ ಕೂರಿಸಿದಿರಿ. ಉತ್ತರ ಕೊಟ್ಟಿರಾ? ನೆನಪು ಮಾಡಿಕೊಳ್ಳಿ.

ಉತ್ತರ ಸಿಕ್ಕಿದ್ದು ಮುಂದಿನ ತಿಂಗಳು. ಬೆಳಗಿನ ಪಾಳಿಯಲ್ಲಿ ನಾವಿಬ್ಬರೂ ಒಳಗಿದ್ದಾಗ ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು. ಹಿಡಿ ಅಲುಗಾಡಲಿಲ್ಲ. ನಾನು ಹಗ್ಗ ಎಳೆದೆ. ಗಂಟೆಯ ಸದ್ದು ಒಳಗೂ ಕೇಳುತ್ತದೆ, ಕೇಳಿಸಿತು. ಅದರ ಹಿಂದೆಯೇ ಇನ್ನೊಂದು ಸದ್ದು, ಜೋರು ಮಳೆ ತಗಡಿನ ಮೇಲೆ ಬಿದ್ದ ಹಾಗೆ.

"ಇನ್ನೊಂದ್ಸಲ ಎಳಿಯೋ, ಅವರಿಗೆ ಕೇಳಿಸಿಲ್ಲ ಅನ್ಸುತ್ತೆ," ಎಂದ ಅಣ್ಣ.

"ಕೇಳಿಸಿದೆ ಅಣ್ಣ. ಚಪ್ಪಾಳೆ ತಟ್ತಿದಾರೆ."

ಮತ್ತೆ ಎಳೆದೆ, ಮತ್ತೆ ತಟ್ಟಿದರು. ಕೂಗಿದೆವು, ಬಾಗಿಲಿಗೆ ಒದ್ದೆವು. ಯಂತ್ರಗಳ ಗದ್ದಲದಲ್ಲಿ ಅದೆಲ್ಲ ಯಾರಿಗೆ ಕೇಳಬೇಕು? ಅಣ್ಣ ಮೊದಮೊದಲು ನಕ್ಕ. ಮದುವೆಯಲ್ಲೂ ತನಗೆ ಇಷ್ಟು ಚಪ್ಪಾಳೆ ಬಿದ್ದಿರಲಿಲ್ಲ ಎಂದ. ಆಮೇಲೆ ಪೆಟ್ಟಿಗೆಯ ಮೇಲೆ ಕೂತ. ಅವನಿಗೆ ಮೊದಲೇ ಎದೆ ಸರಿಯಿರಲಿಲ್ಲ. ಹರಿದ ಕೈಗವಸಿನೊಳಗೆ ಬೆರಳು ಮರಗಟ್ಟಿದರೂ ನಾನು ಹಗ್ಗ ಬಿಡದೆ ಎಳೆಯುತ್ತಲೇ ಇದ್ದೆ. ಸ್ವಲ್ಪ ಹೊತ್ತಿನ ಮೇಲೆ ರೇಡಿಯೊ ನಿಂತುಹೋಗಿದೆ ಎಂದು ನನಗೆ ಗೊತ್ತಾಯಿತು. ಹೆದರಿಕೆಗೆ ತಿರುಗಿ ನೋಡಲಿಲ್ಲ.

ಕೊನೆಗೆ ಬಾಗಿಲು ತೆಗೆದವರು ಯಾರು ಗೊತ್ತೇ? ಹಾಲಿನ ಮೇಲ್ವಿಚಾರಕರು. ಉಳಿಸಲು ಬಂದವರಲ್ಲ, ಬೈಯಲು ಬಂದವರು. ಯಾವ ತಂಡವೂ ಗುರಿ ಮುಟ್ಟಿಲ್ಲ, ರಿಬ್ಬನ್ ಹತ್ತಿರ ಯಾರೂ ಇಲ್ಲ, ಆದರೂ ಗಂಟೆ ಹೊಡೆಯುತ್ತಿದೆ. ಸುಮ್ಮನೆ ಹೊಡೆಯುತ್ತಿರುವ ತರಲೆ ಯಾರು ಎಂದು ನೋಡಲು ಬಂದಿದ್ದರು. ಆ ಸಿಟ್ಟಿನ ಋಣದಲ್ಲಿ ನಾನು ಬದುಕಿದ್ದೇನೆ. ಚಪ್ಪಾಳೆ ತಟ್ಟಿದವರ ಮೇಲೆ ನನಗೆ ಕೋಪವಿಲ್ಲ, ಅವರ ಕೈಗಳನ್ನು ಪಳಗಿಸಿದ್ದು ತಾವು. ಈಗಲೂ ಅವರಲ್ಲಿ ಕೆಲವರು ನನ್ನನ್ನು ಕಂಡರೆ ಕೈ ಜೇಬಿಗೆ ಹಾಕಿಕೊಳ್ಳುತ್ತಾರೆ.

ಆಸ್ಪತ್ರೆಯಲ್ಲಿ ಅಣ್ಣನ ಹೆಂಡತಿ ನನ್ನ ಹಾಸಿಗೆಯ ಪಕ್ಕ ಕೂತು, ಒಳಗಿನಿಂದ ಕರೆಯಲು ಏನೂ ಇರಲಿಲ್ಲವೇ ಎಂದು ಕೇಳಿದರು. ಗಂಟೆ ಇತ್ತು ಅತ್ತಿಗೆ, ಕೆಟ್ಟುಹೋಗಿತ್ತು ಎಂದೆ. ಇನ್ನೇನು ಹೇಳಲಿ? ನಿಮ್ಮ ಗಂಡ ಸಾಯುವಾಗ ಹಾಲಿನ ತುಂಬ ಜನ ನಿಂತು ಚಪ್ಪಾಳೆ ತಟ್ಟುತ್ತಿದ್ದರು ಎನ್ನಲೇ?

ಇಷ್ಟಕ್ಕೇ ಬಿಟ್ಟಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ತಾವು ಬಿಡಲಿಲ್ಲ. ಹಾಲಿನಲ್ಲಿ ಸಂತಾಪ ಸಭೆ ಇಟ್ಟು ಅತ್ತಿಗೆಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದಿರಿ. ನಾವೆಲ್ಲ ಒಂದೇ ಕುಟುಂಬ ಎಂದಿರಿ. ಅವನ ಸಾವಿಗೆ ಅಳುವುದು ಬೇಡ, ಅವನ ಬದುಕನ್ನು ಸಂಭ್ರಮಿಸೋಣ ಎಂದು ತಾವೇ ಹೋಗಿ ಹಳದಿ ರಿಬ್ಬನ್ ಎಳೆದಿರಿ. ಗಂಟೆ ಖಣಖಣ ಎಂದಿತು. ಎಲ್ಲರೂ ತಟ್ಟಿದರು. ಎಲ್ಲರೂ ತಟ್ಟುತ್ತಿದ್ದಾರೆಂದು ಅತ್ತಿಗೆಯೂ ತಟ್ಟಿದರು. ಆಮೇಲೆ ಅವರ ಕೈ ನಿಧಾನವಾಯಿತು. ಗಂಟೆ ನೋಡಿದರು, ಅದರಿಂದ ಗೋಡೆಯೊಳಗೆ ಹೋಗುವ ಕೆಂಪು ಹಗ್ಗ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಕೆಟ್ಟಿದ್ದು ಇದೇ ಗಂಟೆನಾ?" ಎಂದು ಕೇಳಿದರು.

ನಾನು ಕೈ ಜೇಬಿಗೆ ಹಾಕಿಕೊಂಡೆ.

ಈಗ ಅಣ್ಣನ ಜಾಗದಲ್ಲಿ ಇಬ್ಬರು ಮಕ್ಕಳ ತಾಯಿಯೊಬ್ಬಳು ಪೆಟ್ಟಿಗೆ ಎತ್ತುತ್ತಿದ್ದಾಳೆ. ಹಿಡಿ ಹಾಗೆಯೇ ಇದೆ, ರಿಬ್ಬನ್ನೂ ಇದೆ. ಗಂಟೆ ಕೇಳಿದಾಗಲೆಲ್ಲ ನಮ್ಮವರು ಬಾಗಿಲಿಗೆ ಓಡುತ್ತಾರೆಂದು, ಅದರಿಂದ ಕೆಲಸ ಕೆಡುತ್ತದೆಂದು, 'ಓಡಬೇಡಿ, ಇದು ಸಂತೋಷದ ಗಂಟೆ' ಎಂಬ ಫಲಕ ಹಾಕಿಸಿದ್ದೀರಿ. ಆ ಫಲಕವನ್ನು ಕಿತ್ತುಹಾಕಿ. ರಿಬ್ಬನ್ ಬಿಚ್ಚಿ. ಹಿಡಿ ಸರಿ ಮಾಡಿಸಿ. ಗಂಟೆಯ ಕೆಳಗೆ ಹಳೆಯ ಮಾತನ್ನೇ ಮತ್ತೆ ಬರೆಸಿ. ಇದನ್ನೆಲ್ಲ ಮುಗಿಸಿ, ಯಾರ ಕೈಯಲ್ಲೂ ಬಲೂನು ಕಳಿಸದೆ, ತಾವೇ ಅತ್ತಿಗೆಯ ಮನೆಗೆ ಹೋಗಿ. ಕೆಟ್ಟಿದ್ದು ಇದೇ ಗಂಟೆಯೇ ಎಂಬ ಅವರ ಪ್ರಶ್ನೆ ಹಾಗೇ ಉಳಿದಿದೆ. ಒಳಗಿರುವವನು ಎಳೆದರೆ ಅದು ಯಾವ ಗಂಟೆ ಎಂಬ ಅಣ್ಣನ ಪ್ರಶ್ನೆಯೂ ಉಳಿದಿದೆ. ಎರಡಕ್ಕೂ ಉತ್ತರ ಒಂದೇ, ಅದನ್ನು ಅವರ ಮುಖ ನೋಡಿ ತಾವೇ ಹೇಳಬೇಕು.

ಇಂತಿ,
ತಮ್ಮ ಕುಟುಂಬದ, ಇನ್ನು ಚಪ್ಪಾಳೆ ತಟ್ಟಲಾಗದ ಸದಸ್ಯ