ಊರೆಲ್ಲ ಒಲೆ ಆರಿಸಿದ ವಾರ

ಫೆಬ್ರವರಿ 30, 2187
ಗಾಜಿನಕೊಪ್ಪ

ಹಿಂದಿನ ಕಾಲದ ಪ್ರೀತಿಯ ಹಿರಿಯರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರ ಎನಿಸಬಹುದು; ಕ್ಷಮಿಸಿ. ನನಗೆ ಮದುವೆಯಾಗಿ ಇಪ್ಪತ್ತಾರು ದಿನ. ನನ್ನ ಚಿರಂತನಂಥ ಒಳ್ಳೆಯ ಗಂಡ ಜಗತ್ತಿನಲ್ಲೇ ಇನ್ನೊಬ್ಬನಿಲ್ಲ, ನಿಜವಾಗಿ! ಆದರೂ ಅಳು ನಿಲ್ಲುತ್ತಿಲ್ಲ.

ನಮ್ಮ ಕಾಲದಲ್ಲಿ ಅನಿಲ ಹಡಗಿನಲ್ಲಿ ಬಂದು ಪೈಪಿನಲ್ಲಿ ಊರೂರಿಗೆ ಹೋಗುತ್ತದೆ. ಎಲ್ಲರಿಗೂ ಸಾಲುವಷ್ಟು ಎಂದೂ ಬರುವುದಿಲ್ಲ. ಅದನ್ನು ಹಂಚುವ ಕಚೇರಿಗೆ ಪಾಲುಮನೆ ಎನ್ನುತ್ತೇವೆ. ಚಿರಂತ್ ಅಲ್ಲಿ ವಾಲ್ವ್ ನೋಡಿಕೊಳ್ಳುವ ಇಂಜಿನಿಯರ್. ಐದು ವರ್ಷಕ್ಕೊಮ್ಮೆ ಅಳತೆವಾರ. ಆ ವಾರ ಊರಿನ ಮನೆಗಳು ಎಷ್ಟು ಉರಿಸುತ್ತವೋ ಅದರ ಮೇಲೇ ಮುಂದಿನ ಐದು ವರ್ಷದ ಪಾಲು; ಕಾರ್ಖಾನೆಗಳ ಉರಿ ಲೆಕ್ಕಕ್ಕಿಲ್ಲ. ಜನ ಸುಮ್ಮನೆ ಒಲೆ ಉರಿಸಿಯಾರೆಂದು ದಿನವನ್ನು ಗುಟ್ಟಾಗಿಡುತ್ತಾರೆ. ಚಿರಂತನಿಗೂ ಗೊತ್ತಿರಲಿಲ್ಲ.

ನಮ್ಮೂರಲ್ಲಿ ಒಲೆಬಿಡುವು ಎಂಬ ಪದ್ಧತಿಯಿದೆ. ಮದುವೆಮನೆಯ ಉರಿ ಸಣ್ಣಗಾಗದಿರಲೆಂದು ಉಳಿದವರು ತಮ್ಮ ಒಲೆ ಹಚ್ಚದೆ ಅಲ್ಲೇ ಬಂದು ಉಣ್ಣುತ್ತಾರೆ. ಪಕ್ಕದ ಮನೆಯ ಬಾನುಬಿ ಚಿಕ್ಕಮ್ಮ ನನ್ನ ಗಲ್ಲ ಹಿಂಡಿ, "ಒಂದ್ ವಾರ ನಾವ್ಯಾರೂ ಒಲಿ ಮುಟ್ಟಂಗಿಲ್ಲ ನೋಡವ್ವ. ಹೋಳಿಗಿ ಹಸಿ ಉಳಿದ್ರ ಮಾತ್ರ ನಿನ್ನ ಗಂಡನ್ನ ವಾಪಸ್ ಕಳಸ್ತೀವಿ!" ಎಂದಿದ್ದಳು. ಎಂಥ ವಾರ ಅದು! ಇಡೀ ಊರು ನಮ್ಮ ಅಂಗಳದಲ್ಲಿತ್ತು.

ಅದೇ ಅಳತೆವಾರವಾಗಿತ್ತು. ಮದುವೆ ಅಡುಗೆಯದು ತಾತ್ಕಾಲಿಕ ಸಂಪರ್ಕ, ಲೆಕ್ಕಕ್ಕಿಲ್ಲ. ಊರಿಗೆ ಅನಿಲವೇ ಬೇಡವೆಂದು ಯಂತ್ರ ಬರೆದುಕೊಂಡಿತು. ಪಾಲು ನಿಯಮದ ಕನಿಷ್ಠ ಮಟ್ಟವಾದ ಕಾಲುಭಾಗಕ್ಕಿಳಿಯಿತು. ಮನೆಗಳಿಗೆ ಮೊದಲು, ಕಾರ್ಖಾನೆಗಳಿಗೆ ಉಳಿದರೆ ಎಂಬುದು ನಿಯಮ. ಉಳಿಯಲಿಲ್ಲ. ಅರವತ್ತು ಮನೆಗಳಿಗೆ ಅನ್ನ ಕೊಡುವ ಅಪ್ಪನ ಗಾಜಿನ ಕುಲುಮೆ ನಲವತ್ತೊಂದು ವರ್ಷದಿಂದ ಆರಿರಲಿಲ್ಲ. ತಣ್ಣಗಾದರೆ ಒಳಗೋಡೆಯೇ ಸೀಳುತ್ತದೆ. ಅರ್ಜಿ ಕೊಟ್ಟೆವು. ಮುಂದಿನ ಅಳತೆವಾರದವರೆಗೆ ಕಾಯಿರಿ ಎಂದರು.

ರಜೆ ಮುಗಿಸಿ ಹೋದ ಚಿರಂತನಿಗೇ ಕುಲುಮೆಯ ವಾಲ್ವ್ ಮುಚ್ಚುವ ಕೆಲಸ ಬಂತು. ನಿನ್ನೆ ಅವನು ಬಂದು ವಾಲ್ವಿನ ಚಕ್ರ ಹಿಡಿದ. ಅಪ್ಪ ಪಕ್ಕದಲ್ಲೇ ನಿಂತು, "ಸಾವಕಾಶ ತಿರುವ್ರಿ ಅಳಿಯಂದ್ರ. ನಿಮ್ಮ ತಪ್ಪೇನೈತಿ ಇದರಾಗ?" ಎಂದರು. ಎಷ್ಟು ಸಾವಕಾಶ ತಿರುಗಿಸಿದರೂ ಸಂಜೆಗೆ ಒಳಗೋಡೆ ಸೀಳಿತು. ಆ ಸದ್ದು ಬೀದಿಗೆಲ್ಲ ಕೇಳಿಸಿತು. ಬಾನುಬಿ ಚಿಕ್ಕಮ್ಮ ಓಡಿಬಂದು, "ನಾ ಒಂದ್ ಹೊತ್ತರ ಚಾ ಕಾಸ್ಕೋಬೇಕಿತ್ತವ್ವ" ಎಂದು ನನ್ನನ್ನು ತಬ್ಬಿ ಅತ್ತಳು. ಊರಲ್ಲಿ ಒಬ್ಬರೂ ನನ್ನನ್ನು ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಿರಿಯರೇ, ಹಂಚಿಕೆಯ ನಿಯಮಗಳನ್ನು ಮೊದಲು ಬರೆಯುವವರು ನೀವು. ದಯವಿಟ್ಟು ಒಂದು ಸಾಲು ಸೇರಿಸಿ: ಪಾಲು ಇಳಿಸುವ ಮುನ್ನ ಯಾರಾದರೊಬ್ಬರು ಆ ಊರಿಗೆ ಹೋಗಿ, ಒಂದು ಬಾಗಿಲು ತಟ್ಟಿ, ಈ ವಾರ ಒಲೆ ಯಾಕೆ ಹಚ್ಚಲಿಲ್ಲ ಎಂದು ಕೇಳಲಿ.

ನಿಮ್ಮ,
ಇಂಚರ